ಭೂತಾನ್‌ನ ರಾತ್ರಿ ಲೆಕ್ಕ: ದುಡ್ಡು ಕೀಳೋದಾ, ಜನ ಆರಿಸೋದಾ?

ವಿಜಯನಗರದ_ವಾಸು | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೋದ ವಾರ ಭೂತಾನ್ ಮುಗಿಸಿಕೊಂಡು ಬಂದೆವು. ನಾನು, ಹೆಂಡತಿ, ಅಮ್ಮ, ಒಂಬತ್ತು ವರ್ಷದ ಮಗಳು. ಆರು ರಾತ್ರಿ. ಜಾಗ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಲೆಕ್ಕ ಮಾತ್ರ ತಲೆಯಿಂದ ಇಳೀತಿಲ್ಲ.

ಅಲ್ಲಿ ಎಸ್‌ಡಿಎಫ್ (ಸುಸ್ಥಿರ ಅಭಿವೃದ್ಧಿ ಶುಲ್ಕ) ಅಂತ ಒಂದು ಶುಲ್ಕ. ಭಾರತದವರಿಗೆ ಒಬ್ಬರಿಗೆ ಒಂದು ರಾತ್ರಿಗೆ 1200 ರೂಪಾಯಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ನಮ್ಮ ನಾಲ್ಕು ಜನಕ್ಕೆ ಒಟ್ಟು 25,200 ರೂ. ಆಯಿತು. ಇದರಲ್ಲಿ ರೂಮಿಲ್ಲ, ಊಟವಿಲ್ಲ, ಕಾರಿಲ್ಲ, ಗೈಡಿಲ್ಲ. ಒಂದು ಲೋಟ ಟೀ ಕೂಡ ಇಲ್ಲ. ಸುಮ್ನೆ ಆ ದೇಶದಲ್ಲಿ ಮಲಗಿ ಎದ್ದಿದ್ದಕ್ಕೆ. ನಮ್ಮಮ್ಮ ಕೇಳಿದ್ದು ಇಷ್ಟೇ: "ಕಣ್ಣು ಮುಚ್ಚಿದ್ದಕ್ಕೂ ಕಾಸಾ?"

ಥಾಯ್ಲೆಂಡ್, ಮಲೇಷ್ಯಾದವರು ನಮಗೆ ವೀಸಾನೇ ಬೇಡ, ಬನ್ನಿ ಬನ್ನಿ ಅಂತಿದ್ದಾರೆ. ಇವರು ನೋಡಿದರೆ ಬಾಗಿಲಲ್ಲೇ ತಟ್ಟೆ ಇಟ್ಟುಕೊಂಡು ಕೂತಿದ್ದಾರೆ. ಇದು ಪ್ರವಾಸಿಗರನ್ನ ಕರೆಯೋ ರೀತಿನಾ, ಓಡಿಸೋ ರೀತಿನಾ? ಹೋಗಿ ಬಂದವರು ಹೇಳಿ.

ಮೈಸೂರು_ಟೂರ್ | ರಾತ್ರಿ 10:05

ವಾಸು ಸರ್, ನೀವು ಕೊಟ್ಟಿದ್ದು ರಿಯಾಯಿತಿ ದರ. ಭಾರತದ ಪಾಸ್‌ಪೋರ್ಟ್ ಇಲ್ಲದವರಿಗೆ ರಾತ್ರಿಗೆ 100 ಡಾಲರ್, ವೀಸಾಗೆ 40 ಡಾಲರ್ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಮುಗಿದು ಬಾಗಿಲು ತೆರೆದಾಗ ಅದು 200 ಡಾಲರ್ ಇತ್ತು. ಒಂದು ವರ್ಷ ಆದ ಮೇಲೆ ಅರ್ಧ ಮಾಡಿದರು. ಈ ಅರ್ಧ ದರ 2027ರ ಆಗಸ್ಟ್‌ವರೆಗೆ ಅಂತ ಹೇಳಿದ್ದಾರೆ.

ನಾನು ವರ್ಷಕ್ಕೆ ಮೂರ್ನಾಲ್ಕು ಗುಂಪು ಕರೆದುಕೊಂಡು ಹೋಗ್ತೀನಿ. ಮೊದಲ ಫೋನ್‌ನಲ್ಲೇ ಎಲ್ಲರೂ ಕೇಳೋದು ನಿಮ್ಮ ಪ್ರಶ್ನೆನೇ.

ಧಾರವಾಡದ_ಡ್ರೈವರ್ | ರಾತ್ರಿ 10:20

ನನಗೂ ಸಿಟ್ಟಿದೆ ಅಣ್ಣ. ಧಾರವಾಡದಿಂದ ನಮ್ಮದೇ ಕಾರಲ್ಲಿ ಹೋಗಬೇಕು ಅಂತ ಎರಡು ವರ್ಷದ ಕನಸು. 2022ರಲ್ಲಿ ಹೊರಗಿನ ಗಾಡಿಗೆ ದಿನಕ್ಕೆ 4500 ರೂ. ಅಂತ ಮಾಡಿದರು ನೋಡಿ, ಅಲ್ಲಿಗೆ ಕನಸು ನಮ್ಮ ಕಡೆಯ ಗಡಿ ಊರು ಜೈಗಾಂವ್‌ನಲ್ಲೇ ಪಾರ್ಕ್ ಆಯ್ತು. ಗೇಟಿನ ಈ ಕಡೆ ನಿಂತು ಆ ಕಡೆಯ ಫುಂಟ್‌ಶೋಲಿಂಗ್ ಊರಿನ ಫೋಟೊ ತೆಗೆದುಕೊಂಡು ವಾಪಸ್.

ಒಂದು ಮಾತು ಹೇಳ್ತೀನಿ. ಇದೆಲ್ಲ ಬಡವರನ್ನ ಬರಬೇಡಿ ಅನ್ನೋಕೆ ಮರ್ಯಾದೆಯ ದಾರಿ. ಅಷ್ಟೇ.

ಮೈಸೂರು_ಟೂರ್ | ರಾತ್ರಿ 10:26

ಡ್ರೈವರ್ ಅಣ್ಣ, ಗೇಟು ದಾಟಬಹುದಿತ್ತಲ್ಲ. ಗಡಿ ಊರಲ್ಲಿ 24 ಗಂಟೆವರೆಗೆ ಎಸ್‌ಡಿಎಫ್ ಇಲ್ಲ. ನಡೆದು ಹೋಗಿ ಎಮ ದಾಟ್ಶಿ (ಅವರ ಮೆಣಸಿನಕಾಯಿ-ಚೀಸ್ ಪಲ್ಯ) ತಿಂದು ಬರಬಹುದಿತ್ತು.

ಧಾರವಾಡದ_ಡ್ರೈವರ್ | ರಾತ್ರಿ 10:28

ಇದನ್ನ ಆಗಲೇ ಹೇಳೋರು ಯಾರೂ ಇರಲಿಲ್ಲ ನೋಡಿ 🙁

ಕಲ್ಲಪ್ಪ_ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6:15

ನಾನು 1980ರ ದಶಕದಲ್ಲಿ ಪೂರ್ವ ಭೂತಾನ್‌ನಲ್ಲಿ, ಟ್ರಾಶಿಗಾಂಗ್ ಕಡೆ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಆಗ ಭಾರತದಿಂದ ಮೇಷ್ಟ್ರುಗಳು ಬಹಳ ಜನ ಹೋಗುತ್ತಿದ್ದೆವು. ಕೇರಳದವರು ಜಾಸ್ತಿ, ನಮ್ಮಂಥವರು ಅಲ್ಲೊಬ್ಬರು ಇಲ್ಲೊಬ್ಬರು. ಹಾಗಾಗಿ ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ, ಬೇಜಾರಾದರೆ ಮುಂದೆ ಹೋಗಿ.

ಈ ಲೆಕ್ಕ ನಿನ್ನೆ ಮೊನ್ನೆಯದಲ್ಲ. 1974ರಲ್ಲಿ ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕ ನಡೆಯಿತು. ಹೊರದೇಶದ ಅತಿಥಿಗಳು ಇಳಿದುಕೊಳ್ಳಲು ಜಾಗವೇ ಇರಲಿಲ್ಲ, ಅತಿಥಿಗೃಹ ಕಟ್ಟಿಸಿದರು. ಸಮಾರಂಭ ಮುಗಿಯಿತು, ಕಟ್ಟಡ ಉಳಿಯಿತು. ಅದೇ ವರ್ಷ ದುಡ್ಡು ಕೊಟ್ಟು ಬರುವ ಪ್ರವಾಸಿಗರಿಗೆ ಮೊದಲ ಸಲ ಬಾಗಿಲು ತೆರೆದರು. ಆ ವರ್ಷ ಬಂದವರು 287 ಜನ. ನಮ್ಮೂರ ಒಂದು ಮದುವೆಗೆ ಇದಕ್ಕಿಂತ ಜಾಸ್ತಿ ಜನ ಸೇರುತ್ತಾರೆ.

ಆಗ ವಿಮಾನವೂ ಇರಲಿಲ್ಲ. ಪಾರೊದಿಂದ ಕಲ್ಕತ್ತಕ್ಕೆ ಡ್ರುಕ್ ಏರ್ ಶುರುವಾಗಿದ್ದು 1983ರಲ್ಲಿ. ಪಕ್ಕದಲ್ಲಿ ನೇಪಾಳ ಕಣ್ಣೆದುರಿಗೇ ಇತ್ತು. ಕಠ್ಮಂಡುವಿನಲ್ಲಿ ಹಿಪ್ಪಿಗಳು ತುಂಬಿದ್ದ ಕಾಲ ಅದು. ನಮಗೆ ಹಾಗೆ ಬೇಡ, ಕಡಿಮೆ ಜನ ಬರಲಿ, ಬಂದವರು ಜಾಸ್ತಿ ಕೊಡಲಿ ಎಂದು ಇವರು ಮೊದಲೇ ನಿರ್ಧಾರ ಮಾಡಿದರು. ಆಮೇಲೆ ಹೆಸರು ಬದಲಾಯಿತು, ದರ ಬದಲಾಯಿತು, ಆ ನಿರ್ಧಾರ ಬದಲಾಗಲಿಲ್ಲ.

ಕೋವಿಡ್‌ಗೆ ಮೊದಲು ದೂರದ ದೇಶದವರಿಗೆ ದಿನಕ್ಕೆ 250 ಡಾಲರ್, ಜನ ಕಡಿಮೆ ಬರುವ ತಿಂಗಳಲ್ಲಿ 200. ಹೋಟೆಲು, ಊಟ, ಕಾರು, ಗೈಡು ಎಲ್ಲ ಅದರಲ್ಲೇ ಬರುತ್ತಿತ್ತು. ಸರ್ಕಾರದ ಪಾಲು 65 ಡಾಲರ್ ಕೂಡ ಅದರೊಳಗೇ. 2022ರಲ್ಲಿ ಆ ಪ್ಯಾಕೇಜು ತೆಗೆದರು, ಸರ್ಕಾರದ ಪಾಲನ್ನು ಮಾತ್ರ 200 ಡಾಲರ್‌ಗೆ ಏರಿಸಿದರು. ಹೋಟೆಲು, ಊಟ ನಿಮ್ಮ ಜೇಬಿಂದ. ಏಟು ಬಿದ್ದಿದ್ದು ಅಲ್ಲಿ.

ವಾಸು ಅವರೇ, ನಿಮ್ಮ ತಾಯಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ಅಲ್ಲಿ ಶಾಲೆ, ಆಸ್ಪತ್ರೆ ಜನರಿಗೆ ಬಿಟ್ಟಿ. ಅವರು ಕಣ್ಣು ಮುಚ್ಚಿದ್ದಕ್ಕೆ ಕೊಟ್ಟ ಕಾಸು ಯಾರದೋ ಕಣ್ಣಿನ ಆಪರೇಷನ್ನಿಗೂ ಹೋಗಿರಬಹುದು.

ವಿಜಯನಗರದ_ವಾಸು | ಬೆಳಿಗ್ಗೆ 8:02

ಮೇಷ್ಟ್ರೇ, ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ಸರಿ" ಅಂದರು. ನನಗಿನ್ನೂ ಸರಿ ಅನ್ನಿಸಿಲ್ಲ 🙂

ಹಕ್ಕಿಹುಚ್ಚ_ಶಿವಮೊಗ್ಗ | ಬೆಳಿಗ್ಗೆ 11:30

ನಾನು ಎರಡು ಸಲ ಹೋಗಿದ್ದೀನಿ, ಎರಡೂ ಸಲ ಹಕ್ಕಿಗೋಸ್ಕರ. 1200 ಜಾಸ್ತಿನಾ ಕಡಿಮೆನಾ ಅನ್ನೋ ಜಗಳ ನನ್ನದಲ್ಲ. ಶುಲ್ಕ ತಗೊಳ್ಳಲಿ. ನನ್ನ ತಕರಾರು ಇರೋದು ಅದನ್ನ ರಾತ್ರಿ ಲೆಕ್ಕದಲ್ಲಿ ತಗೊಳ್ಳೋದರ ಬಗ್ಗೆ.

ಯೋಚನೆ ಮಾಡಿ. ರಾತ್ರಿಗೆ ಇಷ್ಟು ಅಂದರೆ ಜನ ಏನು ಮಾಡ್ತಾರೆ? ರಾತ್ರಿ ಕಡಿಮೆ ಮಾಡ್ತಾರೆ. ನಾಲ್ಕು, ಐದು, ಜಾಸ್ತಿ ಅಂದರೆ ಆರು. ಅಷ್ಟರಲ್ಲಿ ಎಲ್ಲಿಗೆ ಹೋಗಬಹುದು? ಪಾರೊ, ಥಿಂಫು, ಪುನಾಖ. ಈ ಮೂರೇ. ವಾಸು ಸರ್, ನೀವೂ ಈ ಮೂರೇ ನೋಡಿರ್ತೀರಾ, ಇನ್ನೊಂದು ಸೇರಿದ್ದರೆ ಅದು ಫೋಬ್ಜಿಖಾ. ಸರಿನಾ?

ಈಗ ಆ ದೇಶ ಹೊರಗೆ ಏನು ಮಾರ್ತಿದೆ ನೋಡಿ. ಹಕ್ಕಿ ನೋಡೋಕೆ ಬನ್ನಿ. ನಡೆಯೋಕೆ ಬನ್ನಿ. ನೇಯ್ಗೆ ನೋಡೋಕೆ ಬನ್ನಿ. ಧ್ಯಾನಕ್ಕೆ ಬನ್ನಿ. ಎಲ್ಲವೂ ನಿಧಾನದ ಕೆಲಸ, ಎಲ್ಲವೂ ದೂರದ ಜಾಗದಲ್ಲಿ. ಟ್ರಾನ್ಸ್ ಭೂತಾನ್ ಟ್ರೇಲ್ ಅಂತ ಹಳೇ ಕಾಲುದಾರಿ ಸರಿ ಮಾಡಿ 2022ರಲ್ಲಿ ತೆರೆದರು. ಪಶ್ಚಿಮದ ಹಾದಿಂದ ಪೂರ್ವದ ಟ್ರಾಶಿಗಾಂಗ್‌ವರೆಗೆ 403 ಕಿ.ಮೀ. ಪೂರ್ತಿ ನಡೆಯೋಕೆ ಒಂದು ತಿಂಗಳು ಬೇಕು. ರಾತ್ರಿಗೆ 200 ಡಾಲರ್ ಅಂತ ಮಾಡಿದ ತಿಂಗಳಲ್ಲೇ ಒಂದು ತಿಂಗಳ ನಡಿಗೆದಾರಿನೂ ತೆರೆದರು! ಮೂವತ್ತು ರಾತ್ರಿಗೆ 6000 ಡಾಲರ್, ಶುಲ್ಕ ಮಾತ್ರ. ಯಾರು ನಡೀತಾರೆ?

ಇದು ಅವರಿಗೂ ಗೊತ್ತಾಯಿತು. 2023ರ ಜೂನ್‌ನಲ್ಲಿ ಡಾಲರ್ ಕೊಡೋರಿಗೆ ಸ್ಕೀಮ್ ಬಿಟ್ಟರು. ನಾಲ್ಕು ದಿನದ್ದು ಕೊಟ್ಟರೆ ಇನ್ನೂ ನಾಲ್ಕು ದಿನ ಬಿಟ್ಟಿ. ಏಳಕ್ಕೆ ಏಳು. ಹನ್ನೆರಡಕ್ಕೆ ಹದಿನೆಂಟು. ಸೀರೆ ಅಂಗಡಿ ಆಷಾಢದ ಸೇಲ್ ಥರ. ಮೂರು ತಿಂಗಳಲ್ಲಿ ಅದನ್ನೂ ಬಿಟ್ಟು ನೇರವಾಗಿ ದರ ಅರ್ಧ ಮಾಡಿದರು. ನನ್ನ ಪ್ರಕಾರ ಆ ಸ್ಕೀಮೇ ಸರಿ ಇತ್ತು. ಜಾಸ್ತಿ ದಿನ ಇರೋನಿಗೆ ಲಾಭ ಆಗಬೇಕು. ದರ ಅರ್ಧ ಮಾಡಿದರೆ ಅದೇ ಪಾರೊ-ಥಿಂಫು-ಪುನಾಖಕ್ಕೆ ಇನ್ನಷ್ಟು ಜನ ಬರ್ತಾರೆ, ಅಷ್ಟೇ.

ಮೈಸೂರು_ಟೂರ್ | ಮಧ್ಯಾಹ್ನ 12:10

ಹಕ್ಕಿ ಸರ್ ಹೇಳಿದ್ದು ಅರ್ಧ ಸರಿ. ನನ್ನ ಗುಂಪುಗಳಿಗೆ ಶುಲ್ಕ ಪೂರ್ತಿ ತೆಗೆದರೂ ಟ್ರಾಶಿಗಾಂಗ್‌ಗೆ ಬರಲ್ಲ. ಪಾರೊದಿಂದ ರಸ್ತೆಯಲ್ಲಿ ಎರಡು ಮೂರು ದಿನ. ತಿರುವಿನ ಮೇಲೆ ತಿರುವು. ಹಿಂದಿನ ಸೀಟಲ್ಲಿ ನಿಂಬೆಹಣ್ಣು ಮೂಸಿಕೊಂಡು ಕೂತ ಆಂಟಿಯಂದಿರಿಗೆ "ಇನ್ನೂ ಒಂದು ದಿನ ಇದೆ ಅಮ್ಮ" ಅಂತ ಹೇಳೋ ಕೆಲಸ ನಿಮಗೆ ಬೇಕಾ?

ಜನಕ್ಕೆ ಬೇಕಾಗಿದ್ದು ತಕ್ತ್‌ಸಂಗ್, ಅಂದರೆ ಆ ಬಂಡೆ ಮೇಲಿನ ಹುಲಿಗೂಡು ಮಠ. 2016ರಲ್ಲಿ ಬ್ರಿಟನ್ನಿನ ವಿಲಿಯಂ ಮತ್ತು ಕೇಟ್ ಅದನ್ನ ಹತ್ತಿದ್ದ ಫೋಟೊ ಜಗತ್ತೆಲ್ಲ ಓಡಾಡಿತು. ಅದಕ್ಕಿಂತ ದೊಡ್ಡ ಜಾಹೀರಾತು ಬೇಕಾ?

ಸಕಲೇಶಪುರದ_ಸೊಸೆ | ಮಧ್ಯಾಹ್ನ 2:45

ನಾನು ಭೂತಾನ್ ನೋಡಿಲ್ಲ. ಆದರೆ ಒಂದು ಹೋಂಸ್ಟೇ ನಡೆಸ್ತೀನಿ, ಅದಕ್ಕೇ ಇದನ್ನ ಗಮನ ಕೊಟ್ಟು ಓದ್ತಿದ್ದೀನಿ.

ನಮ್ಮಲ್ಲಿ ಶುಕ್ರವಾರ ಸಂಜೆ ಬೆಂಗಳೂರಿಂದ ಹೊರಟ ಕಾರು ಶನಿವಾರ ಬೆಳಿಗ್ಗೆ ಗೇಟಲ್ಲಿ. ಭಾನುವಾರ ಮಧ್ಯಾಹ್ನ ಖಾಲಿ. ಮಧ್ಯೆ ಇರೋ ಒಂದೂವರೆ ದಿನದಲ್ಲಿ ಹಾಡು, ಹಾರನ್ನು, ತೋಟದ ತುಂಬ ಚಿಪ್ಸ್ ಪ್ಯಾಕೆಟ್ಟು. ಸೋಮವಾರದಿಂದ ಗುರುವಾರದವರೆಗೆ ಒಂದು ನಾಯಿ ಕೂಡ ಇಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಸಾಲು ನಿಂತ ಜನರ ವಿಡಿಯೊ ನೋಡಿರ್ತೀರಾ. ಅದಾದ ಮೇಲೆ ಅಲ್ವಾ ಆನ್‌ಲೈನ್ ಬುಕಿಂಗ್ ಮಾಡಿ ಇಷ್ಟೇ ಜನ ಅಂತ ಮಾಡಿದ್ದು? ನಾವು ಜಾತ್ರೆ ಆದ ಮೇಲೆ ಬೇಲಿ ಹಾಕ್ತೀವಿ. ಅವರು ಬೇಲಿ ಹಾಕಿ ಆಮೇಲೆ ಕರೆದರು.

ಒಂದು ಪ್ರಶ್ನೆ. ಆ ರಾತ್ರಿ ಶುಲ್ಕ ಸರ್ಕಾರಕ್ಕೆ ಹೋಗುತ್ತೆ ಸರಿ. ಮನೇಲಿ ಉಳಿಸಿಕೊಂಡು ಅಡುಗೆ ಮಾಡಿ ಹಾಕೋ ಹೆಂಗಸಿಗೆ ಏನು ಸಿಗುತ್ತೆ?

ವಿಜಯನಗರದ_ವಾಸು | ಸಂಜೆ 7:20

ಹಕ್ಕಿ ಸರ್, ಸಿಕ್ಕಿಬಿದ್ದೆ. ಪಾರೊ, ಥಿಂಫು, ಪುನಾಖ, ಎರಡು ರಾತ್ರಿ ಫೋಬ್ಜಿಖಾ.

ಸಕಲೇಶಪುರದ ಅಕ್ಕ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಸ್ವಲ್ಪ ಉತ್ತರ ಇದೆ. ಫೋಬ್ಜಿಖಾದಲ್ಲಿ ನಾವು ಇದ್ದದ್ದು ಒಂದು ರೈತರ ಮನೆಯಲ್ಲಿ. ಮೂರು ಸಾವಿರ ಮೀಟರ್ ಹತ್ತಿರದ ಎತ್ತರ, ನವೆಂಬರ್ ಚಳಿ. ಮಧ್ಯದ ಕೋಣೆಯಲ್ಲಿ ಬುಖಾರಿ ಅಂತ ಕಬ್ಬಿಣದ ಒಲೆ. ಅಮ್ಮ ಅದರ ಪಕ್ಕ ಕೂತವರು ಏಳಲೇ ಇಲ್ಲ. ಮನೆಯೊಡತಿ ಆಲೂಗಡ್ಡೆ ಸುಲಿಯುತ್ತಿದ್ದರು, ಅಮ್ಮ ಚಾಕು ಕಿತ್ತುಕೊಂಡು ತಾವೂ ಸುಲಿಯಲು ಶುರು ಮಾಡಿದರು. ಇಬ್ಬರಿಗೂ ಒಂದು ಭಾಷೆ ಬರಲ್ಲ. ಮುಕ್ಕಾಲು ಗಂಟೆ ಮಾತಾಡಿದರು.

ಆಮೇಲೆ ಕಲ್ಲುಸ್ನಾನ. ಮನೆ ಹಿಂದೆ ಒಂದು ಮರದ ತೊಟ್ಟಿ. ಹೊರಗೆ ಬೆಂಕಿಯಲ್ಲಿ ಕಲ್ಲು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತೊಟ್ಟಿಯ ಒಂದು ಭಾಗಕ್ಕೆ ಬಿಡ್ತಾರೆ. ಚುಂಯ್ ಅಂತ ಸದ್ದು, ಮೇಲೆ ಹೊಗೆ, ಸೊಪ್ಪಿನ ವಾಸನೆ. ಮಧ್ಯೆ ತೂತು ಇರೋ ಹಲಗೆ ಇದೆ, ಕಲ್ಲು ಕಾಲಿಗೆ ತಾಗಲ್ಲ. ಅಮ್ಮ ಅಂದರು, "ಹಂಡೆ ನೀರು ಇದಕ್ಕಿಂತ ಬೇಗ ಕಾಯುತ್ತೆ. ಆದರೆ ಇಷ್ಟು ಹೊತ್ತು ಬಿಸಿ ಇರಲ್ಲ."

ಆ ಮನೆಗೆ ಕೊಟ್ಟ ದುಡ್ಡು ಆ ಮನೆಗೇ. ಅದನ್ನ ಬಿಲ್ಲಿನಲ್ಲಿ ನೋಡಿ ನನಗೆ ಬೇಜಾರಾಗಲಿಲ್ಲ. ನಿಜ ಹೇಳಬೇಕು ಅಂದರೆ ಅಲ್ಲಿ ಇನ್ನೂ ಎರಡು ರಾತ್ರಿ ಇರೋಣ ಅಂತ ಹೆಂಡತಿ ಅಂದಳು. ನಾನೇ ಲೆಕ್ಕ ಹಾಕಿದೆ: ಇನ್ನೆರಡು ರಾತ್ರಿಗೆ ಶುಲ್ಕವೇ 8,400. ಬೇಡ ಅಂದೆ. ಹಕ್ಕಿ ಸರ್ ಮಾತಿಗೆ ಸಾಕ್ಷಿ ನಾನೇ.

ಇನ್ನೊಂದು ಮಜಾ. ನಮ್ಮ ಡ್ರೈವರಿಗೆ ಬೆಂಗಳೂರು ಅಂದರೆ ಅಷ್ಟಕ್ಕಷ್ಟೆ. "ಬೈಲುಕುಪ್ಪೆ ಹತ್ತಿರನಾ?" ಅಂದ. ಅವನ ತಮ್ಮ ಅಲ್ಲಿ ನಾಮ್‌ಡ್ರೋಲಿಂಗ್ ಮಠದಲ್ಲಿ ಓದುತ್ತಿದ್ದಾನಂತೆ. ಅವನ ಬಾಯಲ್ಲಿ ಕುಶಾಲನಗರ ಬಸ್‌ಸ್ಟ್ಯಾಂಡ್ ಹೆಸರು ಕೇಳಿ ನಮಗೆ ನಗು ತಡೆಯಲಾಗಲಿಲ್ಲ.

ಸಕಲೇಶಪುರದ_ಸೊಸೆ | ಸಂಜೆ 7:41

ಆಲೂಗಡ್ಡೆ ಸುಲಿದ ನಿಮ್ಮಮ್ಮನಿಗೆ ನಮ್ಮನೇಲಿ ಒಂದು ರಾತ್ರಿ ಬಿಟ್ಟಿ 😄

ಪರ್ತ್_ಕನ್ನಡತಿ | ಮಂಗಳವಾರ, ಬೆಳಿಗ್ಗೆ 5:50

ನನ್ನ ಕಥೆ ಕೇಳಿ. ನಾನು ಆಸ್ಟ್ರೇಲಿಯಾ ಪಾಸ್‌ಪೋರ್ಟ್, ಗಂಡ ಇನ್ನೂ ಭಾರತದ ಪಾಸ್‌ಪೋರ್ಟ್. ಭಾರತ ಮೂಲದ ವಿದೇಶಿಯರಿಗೆ ಕೊಡೋ ಒಸಿಐ ಕಾರ್ಡ್ ಅಲ್ಲಿ ಲೆಕ್ಕಕ್ಕಿಲ್ಲ. ಒಂದೇ ರೂಮು, ಒಂದೇ ಹಾಸಿಗೆ. ಎಡಗಡೆ ಮಲಗಿದವರಿಗೆ 1200 ರೂಪಾಯಿ, ಬಲಗಡೆ ಮಲಗಿದವಳಿಗೆ 100 ಡಾಲರ್. ಐದು ದಿನವೂ ಬೆಳಿಗ್ಗೆ ಎದ್ದ ಕೂಡಲೇ ನನ್ನ ಗಂಡ "ನಿದ್ದೆ ಚೆನ್ನಾಗಿ ಬಂತಾ? ಬರಲೇಬೇಕು" ಅನ್ನೋರು.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ಇಲ್ಲಿ ಪರ್ತ್‌ನಲ್ಲಿ ಭೂತಾನ್‌ನ ಹುಡುಗ ಹುಡುಗಿಯರು ತುಂಬಾ ಜನ. ನಾನು ವೃದ್ಧರ ಆರೈಕೆಯ ಕೆಲಸದಲ್ಲಿದ್ದೀನಿ, ನನ್ನ ಶಿಫ್ಟಿನಲ್ಲೇ ಮೂವರು. ಅವರಲ್ಲಿ ಒಬ್ಬ ಥಿಂಫುವಿನಲ್ಲಿ ಗೈಡ್ ಆಗಿದ್ದ. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದವರು ಎರಡೂವರೆ ವರ್ಷ ತೆಗೆಯಲಿಲ್ಲ. ತೆಗೆದಾಗ 200 ಡಾಲರ್. ಬಂದವರು ಅಷ್ಟಿಷ್ಟು. ಅವನು ಕಾಯಲಿಲ್ಲ. ಈಗ ಇಲ್ಲಿ ಅಜ್ಜ ಅಜ್ಜಿಯರಿಗೆ ಊಟ ಮಾಡಿಸ್ತಾನೆ, ಊಟ ಆಗೋವರೆಗೆ ತಕ್ತ್‌ಸಂಗ್ ಕಥೆ ಹೇಳ್ತಾನೆ. ಒಳ್ಳೇ ಗೈಡ್ ಆಗಿದ್ದ ಅಂತ ಕೇಳಿದರೇ ಗೊತ್ತಾಗುತ್ತೆ.

ಮೇಷ್ಟ್ರು ಹೇಳಿದ ಹಾಗೆ ಶುಲ್ಕದಿಂದ ಶಾಲೆ ನಡೆಯುತ್ತೆ, ನಿಜ. ಶಾಲೆ ಮುಗಿಸಿದವರು ವಿಮಾನ ಹತ್ತುತ್ತಾರೆ, ಅದೂ ನಿಜ. ಕಡಿಮೆ ಜನ ಬಂದರೆ ಕಡಿಮೆ ಕೆಲಸ ಅಲ್ವಾ?

ಕಲ್ಲಪ್ಪ_ಮೇಷ್ಟ್ರು | ಬೆಳಿಗ್ಗೆ 7:05

ತಂಗೀ, ನಿನ್ನ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಆಸ್ಟ್ರೇಲಿಯಾದಲ್ಲಿದ್ದಾರೆ.

ಗಣಪತಿ_ಕುಮಟಾ | ಬೆಳಿಗ್ಗೆ 9:30

ಮೊದಲು ನಮ್ಮವರು ಮರ್ಯಾದೆ ಕಲಿಯಲಿ. 2019ರಲ್ಲಿ ನಮ್ಮ ದೇಶದ ಒಬ್ಬ ಬೈಕ್ ಸವಾರ ಅಲ್ಲಿನ ದೋಚುಲಾ ಘಾಟಿಯಲ್ಲಿ ಸ್ತೂಪದ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಂಡಿದ್ದು ಮರೆತಿರಾ? ಅದಕ್ಕೇ 1200 ಹಾಕಿದ್ದು.

ಮೈಸೂರು_ಟೂರ್ | ಬೆಳಿಗ್ಗೆ 10:00

ಗಣಪತಿಯವರೇ, ಅದರಿಂದ ಸಿಟ್ಟು ಜಾಸ್ತಿ ಆಗಿರಬಹುದು, ಶುಲ್ಕದ ಮಾತು ಬರೋಕೆ ದೊಡ್ಡ ಕಾರಣ ಸಂಖ್ಯೆ. 2019ರಲ್ಲಿ ಭೂತಾನ್‌ಗೆ ಬಂದವರು 3 ಲಕ್ಷದ 15 ಸಾವಿರಕ್ಕಿಂತ ಜಾಸ್ತಿ. ದೇಶದ ಜನಸಂಖ್ಯೆ ಎಂಟು ಲಕ್ಷ ಕೂಡ ಇಲ್ಲ. ಬಂದವರಲ್ಲಿ ಡಾಲರ್ ಕೊಟ್ಟವರು 72 ಸಾವಿರ ಮಾತ್ರ. ಉಳಿದವರೆಲ್ಲ ಭಾರತ, ಬಾಂಗ್ಲಾದೇಶ, ಮಾಲ್ಡೀವ್ಸ್‌ನವರು. ಈ ಮೂರು ದೇಶದವರಿಗೆ ಆಗ ಶುಲ್ಕವೇ ಇರಲಿಲ್ಲ. ಬೇಲಿ ಹಾಕಿದ್ದಾರೆ, ಗೇಟೇ ತೆರೆದಿದೆ ಅನ್ನೋ ಥರ. 2020ರಲ್ಲಿ ಕಾನೂನು ಮಾಡಿ ಮೂವರಿಗೂ 1200 ಹಾಕಿದರು. ಈಗ ಭಾರತಕ್ಕೆ ಮಾತ್ರ ಆ ದರ ಗಟ್ಟಿಯಾಗಿ ಉಳಿದಿದೆ.

2024ರಲ್ಲಿ ಬಂದವರು ಸುಮಾರು 1 ಲಕ್ಷದ 45 ಸಾವಿರ. 2019ರ ಅರ್ಧಕ್ಕಿಂತ ಕಡಿಮೆ. ಅದರಲ್ಲೂ ಮೂರಕ್ಕೆ ಎರಡು ಪಾಲು ನಾವೇ. ಅಂದರೆ ಜಗತ್ತಿಗೆಲ್ಲ ದುಬಾರಿ ದೇಶ ಅಂತ ಹೆಸರು ಮಾಡಿ, ಕೊನೆಗೆ ಹೋಟೆಲ್ ತುಂಬಿಸೋದು ಕಲ್ಕತ್ತಾ, ಗುವಾಹಟಿ, ಬೆಂಗಳೂರಿನ ಮಧ್ಯಮ ವರ್ಗದವರು.

ಧಾರವಾಡದ_ಡ್ರೈವರ್ | ಬೆಳಿಗ್ಗೆ 10:15

ಅದನ್ನೇ ಹೇಳಿದ್ದು ನಾನು! ನಮ್ಮ ದುಡ್ಡು ಬೇಕು, ನಮ್ಮ ಕಾರು ಬೇಡ.

ಹಕ್ಕಿಹುಚ್ಚ_ಶಿವಮೊಗ್ಗ | ಮಧ್ಯಾಹ್ನ 1:20

ಡ್ರೈವರ್ ಅಣ್ಣ, ನಿಮ್ಮ ಕಾರು ಬೇಡ ಅಂದಿದ್ದಕ್ಕೆ ಖುಷಿ ಪಡೋನು ನಾನೊಬ್ಬ ಇದ್ದೀನಿ, ಕ್ಷಮಿಸಿ 🙂 ಯಾಕೆ ಹೇಳ್ತೀನಿ.

ಎರಡನೇ ಸಲ ಹೋದಾಗ ಪುನಾಖದಲ್ಲಿ ಮೂರು ಬೆಳಿಗ್ಗೆ ಒಂದೇ ಹಕ್ಕಿಗೆ ಕಾದೆ. ಬಿಳಿಹೊಟ್ಟೆಯ ಕೊಕ್ಕರೆ. ನಮ್ಮ ಗದ್ದೆ ಕೊಕ್ಕರೆ ಅಂದುಕೊಳ್ಳಬೇಡಿ. ನಿಂತರೆ ನಾಲ್ಕು ಅಡಿ ದಾಟುತ್ತೆ. ಇಡೀ ಜಗತ್ತಲ್ಲಿ ಎಣಿಕೆಗೆ ಸಿಕ್ಕಿರೋದು ಅರವತ್ತರೊಳಗೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭೂತಾನ್‌ನ ನದಿಗಳ ದಂಡೆಯಲ್ಲಿ. ಮೂರನೇ ದಿನ ಏಳು ಗಂಟೆಗೆ ಸಿಕ್ಕಿತು. ಬೂದು ಬಣ್ಣದ ಕಲ್ಲುಗಳ ಮಧ್ಯೆ ಬೂದು ಬಣ್ಣದ ಹಕ್ಕಿ. ಒಂದು ಕಲ್ಲು ಕುತ್ತಿಗೆ ಆಡಿಸಿತು ಅಂದಾಗಲೇ ಗೊತ್ತಾಗಿದ್ದು. ಇಪ್ಪತ್ತು ನಿಮಿಷ ಅದು ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಆಮೇಲೆ ಮೇಲಿನ ರಸ್ತೆಯಲ್ಲಿ ಒಂದು ಲಾರಿ ಹಾರನ್ ಹೊಡೆಯಿತು. ಅಷ್ಟೇ, ಹಾರಿಹೋಯಿತು. ಒಂದು ಹಾರನ್ನು ಸಾಕು.

ವಾಸು ಸರ್ ಫೋಬ್ಜಿಖಾದಲ್ಲಿ ವಿದ್ಯುತ್ ತಂತಿ ನೋಡಿದಿರಾ? ಇರಲ್ಲ. ಚಳಿಗಾಲಕ್ಕೆ ಟಿಬೆಟ್ ಕಡೆಯಿಂದ ಬರೋ ಕಪ್ಪುಕತ್ತಿನ ಕ್ರೌಂಚಗಳು ತಂತಿಗೆ ತಾಗಬಾರದು ಅಂತ ನೆಲದೊಳಗೆ ಕೇಬಲ್ ಎಳೆದಿದ್ದಾರೆ. ಊರವರಿಗೆ ಆಲೂಗಡ್ಡೆ ಬೆಳೆ ಜೀವ. ಜೌಗು ನೆಲ ಒಣಗಿಸಿದರೆ ಇನ್ನೂ ಬೆಳೀಬಹುದು. ಆದರೂ ಬಿಟ್ಟಿದ್ದಾರೆ. ಅದಕ್ಕೆ ಪ್ರತಿಯಾಗಿ ಹಕ್ಕಿ ನೋಡೋಕೆ ಬರೋರು ಅವರ ಮನೇಲಿ ಉಳೀಬೇಕು. ನವೆಂಬರ್ 11ಕ್ಕೆ ಗಂಗ್‌ತೇ ಮಠದ ಅಂಗಳದಲ್ಲಿ ಕ್ರೌಂಚದ ಹಬ್ಬ ಮಾಡ್ತಾರೆ, 1998ರಿಂದ. ಶಾಲೆ ಮಕ್ಕಳು ರೆಕ್ಕೆ ಕಟ್ಟಿಕೊಂಡು ಕುಣೀತಾರೆ. ಹಳೇ ಹಬ್ಬ ಅಲ್ಲ, ಹಕ್ಕಿ ಉಳಿಸೋಕೆ ಅಂತಲೇ ಶುರು ಮಾಡಿದ್ದು. ನೀಶ್ ಟೂರಿಸಂ ಅಂತ ದೊಡ್ಡ ಮಾತಲ್ಲಿ ಹೇಳ್ತಾರಲ್ಲ, ನನ್ನ ಪಾಲಿಗೆ ಅದು ಇದು. ಒಂದು ಹಕ್ಕಿಗೋಸ್ಕರ ಬರೋ ಐನೂರು ಜನ.

ಆದರೆ ಆ ಐನೂರು ಜನ ಎರಡು ವಾರ ಇರ್ತಾರೆ. ಯೊಂಕೊಲಾಗೆ ಹೋಗ್ತಾರೆ, ಜೆಮ್‌ಗಾಂಗ್ ಕಾಡಿಗೆ ಹೋಗ್ತಾರೆ. ಅವರಿಗೇ ಜಾಸ್ತಿ ಬಿಲ್ಲು! ಮೂರು ದಿನ ಬಂದು ಸೆಲ್ಫಿ ತೆಗೆದುಕೊಂಡು ಹೋದವನಿಗೆ ಕಡಿಮೆ. ಇದು ತಲೆಕೆಳಗು.

ಕಲ್ಲಪ್ಪ_ಮೇಷ್ಟ್ರು | ಮಧ್ಯಾಹ್ನ 3:00

ಹಕ್ಕಿಯವರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಲುನ್‌ಟ್ಸೆ ಜಿಲ್ಲೆಯಲ್ಲಿ ಖೋಮಾ ಎಂಬ ಹಳ್ಳಿಯಿದೆ. ಅಲ್ಲಿ ಕಿಶುತಾರಾ ಎಂಬ ರೇಷ್ಮೆ ಬಟ್ಟೆ ನೇಯುತ್ತಾರೆ. ಮಗ್ಗದ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ನೇಯುವವಳ ಸೊಂಟಕ್ಕೆ. ಅವಳು ಹಿಂದಕ್ಕೆ ಒರಗಿದರೆ ನೂಲು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಒಂದು ಕಿರಾ, ಅಂದರೆ ಅಲ್ಲಿನ ಹೆಂಗಸರ ಉಡುಗೆ, ಮುಗಿಯಲು ತಿಂಗಳುಗಟ್ಟಲೆ. ರಜೆಯಲ್ಲಿ ಒಮ್ಮೆ ಹೋಗಿದ್ದಾಗ ಒಬ್ಬ ಹೆಂಗಸು ನೇಯುತ್ತಿದ್ದುದನ್ನು ಅರ್ಧ ದಿನ ಕೂತು ನೋಡಿದೆ. ಸಂಜೆಗೆ ಬಟ್ಟೆ ನನ್ನ ಅಂಗೈ ಅಗಲ ಬೆಳೆದಿತ್ತು.

ಆ ಬಟ್ಟೆ ಇವತ್ತು ಥಿಂಫುವಿನ ಅಂಗಡಿಗಳಲ್ಲಿ ಸಿಗುತ್ತದೆ. ಪ್ರವಾಸಿ ಅಲ್ಲೇ ಕೊಂಡು ಅಲ್ಲಿಂದಲೇ ಮನೆಗೆ ಹೋಗುತ್ತಾನೆ. ಖೋಮಾದ ಬಾಗಿಲಿಗೆ ಅವನು ಬರುವುದಿಲ್ಲ. ಬರಲು ಇನ್ನೂ ನಾಲ್ಕೈದು ರಾತ್ರಿ ಬೇಕಲ್ಲ.

ಮೈಸೂರು_ಟೂರ್ | ಮಧ್ಯಾಹ್ನ 3:25

ಸರಿ, ಹಾಗಾದರೆ ದೇಶ ಏನು ಮಾಡಬೇಕು ಹೇಳಿ. ಒಳಗೆ ಬರುವಾಗ ಒಂದೇ ಸಲ ಶುಲ್ಕ ತಗೊಂಡು ಎಷ್ಟು ದಿನ ಬೇಕಾದರೂ ಇರಿ ಅನ್ನಬೇಕಾ? ಹಾಗೆ ಮಾಡಿದರೆ ಎರಡು ರಾತ್ರಿಗೆ ಬರೋ ನಮ್ಮ ಬಂಗಾಳದ ಅಣ್ಣಂದಿರು ಬರೋದೇ ಬಿಡ್ತಾರೆ.

ಹಕ್ಕಿಹುಚ್ಚ_ಶಿವಮೊಗ್ಗ | ಮಧ್ಯಾಹ್ನ 3:40

ಮೊದಲ ಐದು ರಾತ್ರಿ ಪೂರ್ತಿ ದರ. ಆರನೇದರಿಂದ ಕಾಲುಭಾಗ. ಪುನಾಖ ದಾಟಿ ಪೂರ್ವಕ್ಕೆ ಹೋದರೆ ಸೊನ್ನೆ. ಹೇಗೂ ಥಿಂಫು, ಪಾರೊ ದಾಟಿದರೆ ಗೈಡ್ ಜೊತೆ ಇರಲೇಬೇಕು, ಯಾರು ಎಲ್ಲಿ ಮಲಗಿದರು ಅಂತ ಬರೆದಿಡೋದು ಕಷ್ಟವಾ?

ಸಕಲೇಶಪುರದ_ಸೊಸೆ | ಮಧ್ಯಾಹ್ನ 3:52

ಇದನ್ನ ನಾನು ನಾಳೆಯಿಂದಲೇ ಮಾಡ್ತೀನಿ. ಶನಿವಾರ ಪೂರ್ತಿ ದರ, ಭಾನುವಾರ ರಾತ್ರಿ ಉಳಿದರೆ ಅರ್ಧ, ಸೋಮವಾರ ಕಾಲು. ನೋಡೋಣ ಯಾರಾದ್ರೂ ಆಫೀಸಿಗೆ ರಜೆ ಹಾಕ್ತಾರಾ.

ಕಾವೇರಿ_ಗಾಳ | ಸಂಜೆ 6:10

ವಿಷಯ ಬಿಟ್ಟು ಹೋಗ್ತಿದ್ದೀನಿ ಅನ್ನಿಸಿದರೆ ಬೈಬೇಡಿ. ಒಂದು ಕಾಲದಲ್ಲಿ ನಮ್ಮ ಭೀಮೇಶ್ವರಿಗೆ ಇಂಗ್ಲೆಂಡಿಂದ ಜನ ಬರೋರು, ಒಂದೇ ಒಂದು ಮೀನಿಗೆ. ಮಹಶೀರ್. ಹಿಡಿ, ತೂಕ ಮಾಡು, ಫೋಟೊ ತೆಗಿ, ವಾಪಸ್ ಬಿಡು. ಊರಿನ ಹುಡುಗರೇ ಅವರಿಗೆ ಗೈಡು. ಅಭಯಾರಣ್ಯದೊಳಗೆ ಗಾಳ ಹಾಕೋದು ಕಾನೂನಿಗೆ ಸರಿಯಲ್ಲ ಅಂತ ಅದು ನಿಂತಿತು. ಈಗ ಅದೇ ಥರದ ಜನ ಭೂತಾನ್‌ನ ಮಾನಸ್ ನದಿಗೆ ಚಿನ್ನದ ಮಹಶೀರ್ ಹುಡುಕಿಕೊಂಡು ಹೋಗ್ತಾರೆ, ಲೈಸೆನ್ಸ್ ತಗೊಂಡು, ಹಿಡಿದು ಬಿಡ್ತಾರೆ. ಮೀನು ಕೊಲ್ಲೋದು ಪಾಪ ಅನ್ನೋ ದೇಶ, ತಿನ್ನೋ ಮೀನು ಮಾತ್ರ ಇಂಡಿಯಾದಿಂದ ತರಿಸ್ಕೋತಾರೆ ಅನ್ನೋದು ಬೇರೆ ಮಾತು.

ನಾನು ಕಾನೂನು ತಪ್ಪು ಅಂತಿಲ್ಲ. ಆದರೆ ಗಾಳದವರು ಹೋದ ಮೇಲೆ ನದಿಯಲ್ಲಿ ಡೈನಮೈಟ್ ಹಾಕೋರನ್ನ ನೋಡಿ ಫೋನ್ ಮಾಡೋರು ಯಾರೂ ಉಳಿಯಲಿಲ್ಲ.

ಕಲ್ಲಪ್ಪ_ಮೇಷ್ಟ್ರು | ಸಂಜೆ 6:45

ಮೀನು ಬಿಡುತ್ತಾರೆ, ಶಿಖರಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. 1994ರಲ್ಲಿ 6000 ಮೀಟರಿಗಿಂತ ಎತ್ತರದ ಬೆಟ್ಟ ಹತ್ತಬಾರದು ಎಂದರು, 2003ರಲ್ಲಿ ಪರ್ವತಾರೋಹಣವನ್ನೇ ಪೂರ್ತಿ ನಿಲ್ಲಿಸಿದರು. ಅಲ್ಲಿನ ಜನಕ್ಕೆ ಶಿಖರವೆಂದರೆ ದೇವರ ಮನೆ. ಗಂಗ್‌ಖರ್ ಪುಯೆನ್ಸುಮ್, 7570 ಮೀಟರು, ಇವತ್ತಿಗೂ ಯಾರೂ ಹತ್ತಿಲ್ಲ. ನೇಪಾಳ ಎವರೆಸ್ಟ್ ಪರ್ಮಿಟ್ಟಿನಿಂದ ದುಡ್ಡು ಮಾಡುವುದನ್ನು ನೋಡುತ್ತಲೇ ಇದ್ದಾರೆ. ಆ ದುಡ್ಡು ಬೇಡ ಎಂದಿದ್ದಾರೆ.

ಧಾರವಾಡದ_ಡ್ರೈವರ್ | ಸಂಜೆ 7:00

ಇದು ಹೊಸದು ನನಗೆ. ಇದಕ್ಕೆ ಮಾತ್ರ ಒಂದು ಸಲಾಂ.

ಗಣಪತಿ_ಕುಮಟಾ | ರಾತ್ರಿ 8:30

ಏಜೆನ್ಸಿ ಬಗ್ಗೆಯೂ ಬರೆಯಿರಿ. ನಮ್ಮ ಭಾವನವರಿಗೆ ಬೆಂಗಳೂರಿನ ಒಂದು ಏಜೆನ್ಸಿಯವರು ಎಸ್‌ಡಿಎಫ್ ಪ್ಯಾಕೇಜ್‌ನಲ್ಲೇ ಇದೆ ಎಂದು ಹೇಳಿ, ಗಡಿಯಲ್ಲಿ ಮತ್ತೆ ಕಟ್ಟಿಸಿದರು. ಹೆಸರು ಹೇಳಲಾ?

ನಿರ್ವಾಹಕ | ರಾತ್ರಿ 8:34

ಹೆಸರು ಬೇಡ ಗಣಪತಿಯವರೇ. ಬುಕ್ ಮಾಡುವ ಮೊದಲು ಬಿಲ್ಲಿನಲ್ಲಿ ಎಸ್‌ಡಿಎಫ್ ಬೇರೆ ಸಾಲಾಗಿ ಬರೆಸಿಕೊಳ್ಳಿ, ಕಟ್ಟಿದ ರಸೀದಿ ಕೇಳಿ. ಅಷ್ಟು ಸಾಕು.

ವಿಜಯನಗರದ_ವಾಸು | ರಾತ್ರಿ 10:15

ಎಲ್ಲಾ ಓದಿದೆ. ನನ್ನ ಮೊದಲ ಪ್ರಶ್ನೆಯೇ ಸ್ವಲ್ಪ ತಪ್ಪಿತ್ತು ಅನ್ನಿಸ್ತಿದೆ. 25,200 ಕೊಟ್ಟಿದ್ದಕ್ಕೆ ಈಗ ಅಷ್ಟು ಹೊಟ್ಟೆ ಉರೀತಿಲ್ಲ. 8,400 ಉಳಿಸಿದ್ದಕ್ಕೆ ಉರೀತಿದೆ. ಆ ಎರಡನೇ ಬೆಳಿಗ್ಗೆ ಮಗಳು ಕಿಟಕಿ ತೆಗೆದಾಗ ಜೌಗಿನ ಮೇಲೆ ಮಂಜು ಇತ್ತು, ಹಕ್ಕಿ ಕಾಣಲಿಲ್ಲ, ಕೂಗು ಮಾತ್ರ ಕೇಳಿಸಿತು. "ಮಂಜು ಹೋಗೋವರೆಗೆ ಇರೋಣ ಅಪ್ಪ" ಅಂದಳು. ಒಂಬತ್ತಕ್ಕೆ ಕಾರು ಬಂತು.

ಹಕ್ಕಿ ಸರ್, ನೀವು ಮತ್ತೆ ಯಾವಾಗ ಹೋಗ್ತೀರಾ?

ಹಕ್ಕಿಹುಚ್ಚ_ಶಿವಮೊಗ್ಗ | ರಾತ್ರಿ 10:40

ಏಪ್ರಿಲ್. ಹದಿನಾಲ್ಕು ರಾತ್ರಿ, ಪೂರ್ವಕ್ಕೆ. ಗುವಾಹಟಿಗೆ ಹೋಗಿ ಸಮ್‌ಡ್ರುಪ್ ಜೊಂಗ್‌ಖರ್ ಗಡಿಯಿಂದ ಒಳಗೆ. ಆರು ಜನ ಆದರೆ ಗಾಡಿ, ಗೈಡ್ ಖರ್ಚು ಹಂಚಿಕೊಳ್ಳಬಹುದು. ಶುಲ್ಕ ಒಬ್ಬರಿಗೆ 16,800, ಅದನ್ನ ಯಾರೂ ಹಂಚಿಕೊಳ್ಳೋಕಾಗಲ್ಲ. ಮೇಷ್ಟ್ರು ಬಂದರೆ ಖೋಮಾಗೂ ಹೋಗೋಣ.

ಬರೋರು ಈಗಲೇ ನೋಡಿಕೊಳ್ಳಿ: ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ. ಆಧಾರ್ ನಡೆಯಲ್ಲ. ಗಡಿಯಲ್ಲಿ ಆಧಾರ್ ತೋರಿಸಿ ಅಳೋರನ್ನ ಪ್ರತಿ ಸಲ ನೋಡ್ತೀನಿ.

ಕಲ್ಲಪ್ಪ_ಮೇಷ್ಟ್ರು | ಬುಧವಾರ, ಬೆಳಿಗ್ಗೆ 6:02

ನನ್ನ ಮಂಡಿಗೆ ಎಪ್ಪತ್ತೊಂದು ವರ್ಷ. ಮೆಟ್ಟಿಲು ಇರುವ ಕಡೆ ಕಾರಲ್ಲೇ ಕೂರುತ್ತೇನೆ. ನನ್ನದೊಂದು ಸೀಟು ಬರೆದುಕೊಳ್ಳಿ.

ಸಕಲೇಶಪುರದ_ಸೊಸೆ | ಬೆಳಿಗ್ಗೆ 8:20

ನಾನು, ನಮ್ಮತ್ತೆ, ಎರಡು ಸೀಟು. ಅತ್ತೆಯ ವೋಟರ್ ಐಡಿಯಲ್ಲಿ ಪುಟ್ಟಮ್ಮ ಹೋಗಿ ಪಟ್ಟಮ್ಮ ಆಗಿದೆ. ಎಲ್ಲಿ ಸರಿ ಮಾಡಿಸೋದು?

ಮೈಸೂರು_ಟೂರ್ | ಬೆಳಿಗ್ಗೆ 8:31

ಫಾರ್ಮ್ 8 ಹಾಕಿ ಮೇಡಂ, ಆನ್‌ಲೈನ್‌ನಲ್ಲೇ ಆಗುತ್ತೆ. ಈಗಲೇ ಹಾಕಿ, ಕಾರ್ಡು ಕೈಗೆ ಬರೋಕೆ ಟೈಮ್ ಹಿಡಿಯುತ್ತೆ.